ಕುಂಬಾರ ಗುಡ್ಡದಿಂದ ಕಾಣುವ ದೂರ

ಕಳೆದ ದೀಪಾವಳಿಗೆ ಸಿರುಗುಪ್ಪಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆದ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಒಂದು ಕ್ಯಾಟಲಾಗ್ ತಂದು ನನ್ನ ಮುಂದಿಟ್ಟ. ಹದಿನೇಳು ವರ್ಷ ಸೈನ್ಯದಲ್ಲಿದ್ದು ನಿವೃತ್ತನಾಗಿ ಬಂದವನು. ಈಗ ಗದ್ದೆ ನೋಡಿಕೊಳ್ಳುತ್ತಾನೆ, ವಾರಕ್ಕೆರಡು ದಿನ ಒಂದು ರೈಫಲ್ ಕ್ಲಬ್ಬಿನಲ್ಲಿ ಹುಡುಗರಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಾನೆ. ಕ್ಲಬ್ಬಿನವರಿಗೆ ದೂರದ ಗುರಿಗೆಂದು ಒಂದು ಸ್ಕೋಪ್ ಬೇಕಾಗಿತ್ತು. ಯಾವುದನ್ನು ಕೊಳ್ಳಬೇಕೆಂಬುದನ್ನು ಅವನಿಗೇ ಬಿಟ್ಟಿದ್ದರು.

“ನೀನು ಓದಿದೋನು. ಬಂದೂಕಿನ ಮ್ಯಾಲೆ ಪಿಎಚ್‌ಡಿ ಮಾಡಾಕತ್ತೀಯಲ್ಲ, ಯಾವ್ದು ತಗಳ್ಳಾಣ ಹೇಳು ತಮ್ಮಾ” ಅಂದ.

ನನ್ನ ಪಿಎಚ್‌ಡಿ ಬಂದೂಕಿನ ಮೇಲಲ್ಲ. ಬಳ್ಳಾರಿಯ ದಂಡು ಪ್ರದೇಶದ ಸಾಮಾಜಿಕ ಇತಿಹಾಸ ನನ್ನ ವಿಷಯ. ಅದರಲ್ಲಿ ಒಂದು ಅಧ್ಯಾಯ ದಕ್ಷಿಣ ಆಫ್ರಿಕಾದಿಂದ ಇಲ್ಲಿಗೆ ಸೆರೆಯಾಳುಗಳಾಗಿ ಬಂದ ಬೋಯರರದು. ಅಷ್ಟಕ್ಕೇ ಮನೆಯವರ ಬಾಯಲ್ಲಿ ಅದು ‘ಬಂದೂಕಿನ ಪಿಎಚ್‌ಡಿ’ ಆಗಿಬಿಟ್ಟಿದೆ. ಕ್ಯಾಟಲಾಗ್ ತಿರುವಿ, ಎಲ್ಲಕ್ಕಿಂತ ದೊಡ್ಡದಾಗಿದ್ದ, 25 ಪಟ್ಟು ಹಿಗ್ಗಿಸಿ ತೋರಿಸುವ ಒಂದರ ಮೇಲೆ ಬೆರಳಿಟ್ಟೆ. ಅಣ್ಣ ನಕ್ಕ.

“ಹೈದರಾಲಿ ಇದ್ದಿದ್ರ ನಿನ್ನ ಗಲ್ಲಿಗೆ ಹಾಕ್ತಿದ್ದ.”

ಬಳ್ಳಾರಿಯಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಊರಿನ ನಡುವೆ ಎರಡು ಕಲ್ಲುಗುಡ್ಡಗಳಿವೆ. ಒಂದರ ಮೇಲೆ ಕೋಟೆಯಿದೆ, ಇನ್ನೊಂದು ಕುಂಬಾರ ಗುಡ್ಡ. ಮೇಲಿನ ಕೋಟೆಯನ್ನು ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಊರು ಹೈದರಾಲಿಯ ಕೈಗೆ ಬಂದಮೇಲೆ ಅವನು ಕೋಟೆಯನ್ನು ಬಲಪಡಿಸಿ ಕೆಳಗಿನ ಕೋಟೆಯನ್ನು ಸೇರಿಸಿದ. ಆ ಕೆಲಸವನ್ನು ಒಬ್ಬ ಫ್ರೆಂಚ್ ಇಂಜಿನಿಯರನಿಗೆ ವಹಿಸಿದ್ದನಂತೆ. ಎಲ್ಲ ಮುಗಿದಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ನಿಂತವನಿಗೆ ಕೋಟೆಯ ಒಳಗು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಸಿಟ್ಟಿಗೆದ್ದ ಹೈದರಾಲಿ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಐತಿಹ್ಯ. ಕೋಟೆಯ ಪೂರ್ವದ ಬಾಗಿಲ ಬಳಿಯ ಗೋರಿಯನ್ನು ಜನ ಇವತ್ತಿಗೂ ಅವನದೇ ಎಂದು ತೋರಿಸುತ್ತಾರೆ.

ಇತಿಹಾಸದ ವಿದ್ಯಾರ್ಥಿಯಾಗಿ ನಾನು ಈ ಕಥೆಯನ್ನು ಐತಿಹ್ಯವೆಂದು ಬದಿಗಿಟ್ಟಿದ್ದೆ. ಅಣ್ಣ ಅದನ್ನು ಪಾಠವಾಗಿ ಹೇಳಿದ. ಇಂಜಿನಿಯರನಿಗೆ ಕಲ್ಲು, ಗಾರೆ, ಬುರುಜು ಎಲ್ಲ ಗೊತ್ತಿತ್ತು. ಎಲ್ಲಿಂದ ಏನು ಕಾಣುತ್ತದೆ ಎಂಬ ಮೊದಲ ಪ್ರಶ್ನೆಯನ್ನೇ ಅವನು ಕೇಳಿಕೊಂಡಿರಲಿಲ್ಲ. ನಾನೂ ಹಾಗೆಯೇ. ಗುರಿ ಏನು, ಎಷ್ಟು ದೂರ, ಯಾವ ಹೊತ್ತು, ಎಂಥ ನೆಲ ಎಂದು ಒಂದನ್ನೂ ಕೇಳದೆ ದೊಡ್ಡ ಸಂಖ್ಯೆಯ ಮೇಲೆ ಬೆರಳಿಟ್ಟಿದ್ದೆ.

ಅವನ ಮಾತು ನನ್ನನ್ನು ಚುಚ್ಚಿದ್ದಕ್ಕೆ ಇನ್ನೊಂದು ಕಾರಣವಿತ್ತು. ಬೋಯರರ ಅಧ್ಯಾಯದ ಮೊದಲ ಕರಡಿನಲ್ಲಿ ನಾನು ಬಹಳ ಆತ್ಮವಿಶ್ವಾಸದಿಂದ ಒಂದು ವಾಕ್ಯ ಬರೆದಿದ್ದೆ: ಬೋಯರರು ಸಾವಿರ ಗಜ ದೂರದಿಂದ ಶತ್ರುವನ್ನು ಗುರಿಯಿಟ್ಟು ಹೊಡೆಯುತ್ತಿದ್ದರು. ಮಾರ್ಗದರ್ಶಕರು ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ “ಅವರಿಗೆ ಏನು ಕಾಣುತ್ತಿತ್ತು?” ಎಂದು ಬರೆದು ಕರಡನ್ನು ವಾಪಸು ಕೊಟ್ಟಿದ್ದರು. ಮೂರು ತಿಂಗಳಾದರೂ ನನ್ನ ಬಳಿ ಉತ್ತರವಿರಲಿಲ್ಲ.

ಬೋಯರರು ಬಳ್ಳಾರಿಗೆ ಬಂದದ್ದು ಹೇಗೆಂದು ಇಲ್ಲಿ ಹೇಳಬೇಕು. 1899ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ರೈತರಾದ ಬೋಯರರಿಗೂ ಯುದ್ಧ ಶುರುವಾಯಿತು. ಬೋಯರರದು ಕವಾಯತು ಕಲಿತ ಸೈನ್ಯವಲ್ಲ. ಕುದುರೆ ಹತ್ತಿ ಬಂದ ಒಕ್ಕಲು ಮಕ್ಕಳು. ಆದರೆ ಅವರ ಕೈಯಲ್ಲಿ ಜರ್ಮನಿಯ ಮೌಸರ್ ರೈಫಲ್ ಇತ್ತು. ಅದರ ಮದ್ದು ಹೊಗೆ ಬಿಡುತ್ತಿರಲಿಲ್ಲ. ಗುಂಡು ಎಲ್ಲಿಂದ ಬಂತೆಂದು ತಿಳಿಯುವಷ್ಟರಲ್ಲಿ ಬ್ರಿಟಿಷ್ ಸಾಲುಗಳು ನೆಲ ಕಚ್ಚುತ್ತಿದ್ದವು. ಸೆರೆ ಸಿಕ್ಕ ಬೋಯರರನ್ನು ಅಲ್ಲೇ ಇಟ್ಟುಕೊಳ್ಳುವುದು ಅಪಾಯವೆಂದು ಬ್ರಿಟಿಷರು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾ ಮತ್ತು ಭಾರತಕ್ಕೆ ಹಡಗು ತುಂಬಿ ಕಳಿಸಿದರು. ಭಾರತಕ್ಕೆ ಬಂದವರು ಸುಮಾರು 9 ಸಾವಿರ. ಅಹಮದ್‌ನಗರ, ಸತಾರ, ತಿರುಚಿರಾಪಳ್ಳಿಗಳ ಜೊತೆಗೆ ಬಳ್ಳಾರಿಯಲ್ಲೂ ಅವರ ಶಿಬಿರವಿತ್ತು. 1902ರ ಮೇ 31ರಂದು ಒಪ್ಪಂದವಾಗಿ ಯುದ್ಧ ಮುಗಿದಮೇಲೆ ಅವರನ್ನು ಊರಿಗೆ ಕಳಿಸಲು ಆರಂಭಿಸಿದರು. ದೂರದ ಗುರಿಗೆ ಲೋಕದಲ್ಲೇ ಹೆಸರಾದ ಜನ ನಮ್ಮ ಎರಡು ಗುಡ್ಡಗಳ ಊರಿನಲ್ಲಿ ಸೆರೆಯಿದ್ದು ಹೋದರು.

ಅವರಲ್ಲಿ ಯಾರಾದರೂ ಕೋಟೆಯ ಕಥೆ ಕೇಳಿದ್ದರೆ ಕೂಡಲೇ ಅರ್ಥಮಾಡಿಕೊಳ್ಳುತ್ತಿದ್ದರು. ಯಾಕೆಂದರೆ ಆ ಯುದ್ಧದ ಅತಿ ಹೆಸರಾದ ಕದನಗಳಲ್ಲಿ ಒಂದು ಇದೇ ಕಥೆ. 1900ರ ಜನವರಿ 23ರ ರಾತ್ರಿ ನಟಾಲ್ ಪ್ರಾಂತದ ಸ್ಪಿಯಾನ್ ಕಾಪ್ ಎಂಬ ಗುಡ್ಡವನ್ನು ಬ್ರಿಟಿಷರು ಹತ್ತಿದರು. ಮಂಜು ಮುಸುಕಿತ್ತು. ತುದಿ ಸಿಕ್ಕಿತೆಂದು ತಿಳಿದು ಕಲ್ಲುನೆಲದಲ್ಲಿ ಕೈಲಾದಷ್ಟು ಕಂದಕ ತೋಡಿದರು. ಬೆಳಿಗ್ಗೆ ಮಂಜು ಸರಿದಾಗ ಗೊತ್ತಾಯಿತು: ಕಂದಕ ಇರಬೇಕಾದ ಜಾಗದಲ್ಲಿ ಇಲ್ಲ, ಅಕ್ಕಪಕ್ಕದ ದಿಬ್ಬಗಳಲ್ಲಿ ಬೋಯರರಿದ್ದಾರೆ, ಅಲ್ಲಿಂದ ಕಂದಕದ ಒಳಗೇ ನೋಟ ಬೀಳುತ್ತದೆ. ಆ ದಿನ ಗುಡ್ಡದ ಮೇಲೆ ನೂರಾರು ಬ್ರಿಟಿಷ್ ಸೈನಿಕರು ಸತ್ತರು. ಗಾಯಗೊಂಡವರನ್ನು ಡೋಲಿಯಲ್ಲಿ ಹೊತ್ತು ತಂದವರಲ್ಲಿ ಭಾರತೀಯರ ಆಂಬುಲೆನ್ಸ್ ದಳವೂ ಇತ್ತು. ಅದನ್ನು ಕಟ್ಟಿದವರು ಮೋಹನದಾಸ ಗಾಂಧಿ ಎಂಬ ವಕೀಲರು. ಮರುವರ್ಷ ಸೆರೆಯಾಳುಗಳ ಹಡಗುಗಳು ಭಾರತದ ಕಡೆ ಹೊರಟವು.

ಬೋಯರರ ಮೌಸರಿಗೆ ಸಾಮಾನ್ಯವಾಗಿ ಸ್ಕೋಪ್ ಇರುತ್ತಿರಲಿಲ್ಲ. ಹಿಂದೆ ಒಂದು ಸೀಳು, ನಳಿಗೆಯ ತುದಿಯಲ್ಲಿ ಒಂದು ಕಬ್ಬಿಣದ ಮೊನೆ, ಅಷ್ಟೆ. ಅಣ್ಣ ಕ್ಯಾಟಲಾಗಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದ. ಮೊನೆಯ ಅಗಲ 2 ಮಿಲಿಮೀಟರ್, ಕಣ್ಣಿನಿಂದ ಅದು 1 ಮೀಟರ್ ದೂರ ಎಂದಿಟ್ಟುಕೋ. ಸಾವಿರ ಗಜ ಎಂದರೆ ಸುಮಾರು 900 ಮೀಟರ್. ಆ ದೂರದಲ್ಲಿ ಅದೇ ಮೊನೆ 1.8 ಮೀಟರ್ ಅಗಲವನ್ನು ಮರೆ ಮಾಡುತ್ತದೆ. ಅಂದರೆ ಗುರಿ ಹಿಡಿದ ಕ್ಷಣವೇ ಮನುಷ್ಯ ಮೊನೆಯ ಹಿಂದೆ ಮಾಯವಾಗುತ್ತಾನೆ.

“ನಿಮ್ಮ ಬೋಯರರು ಸಾವಿರ ಗಜದಾಗ ಒಬ್ಬನ್ನ ನೋಡಿ ಹೊಡೀತಿರ್ಲಿಲ್ಲ. ಗುಂಪು ನೋಡಿ, ನೆಲದ ಅಳತಿ ಗೊತ್ತಿಟಗಂಡು ಹೊಡೀತಿದ್ರು” ಅಂದ.

ಬಯಲಿನಲ್ಲಿ ಜಿಂಕೆ ಬೇಟೆಯಾಡುತ್ತ ಬೆಳೆದವರ ಕಣ್ಣಿಗೆ ಅಂತರದ ಅಂದಾಜು ಇತ್ತು. ಎಲ್ಲಿ ಕೂತರೆ ಯಾವ ದಾರಿ ಕಾಣುತ್ತದೆಂಬುದು ಗೊತ್ತಿತ್ತು. ಅವರ ಬಲ ಇದ್ದದ್ದು ಕೂತ ಜಾಗದಲ್ಲಿ. ನನ್ನ ವಾಕ್ಯ ತಪ್ಪೆಂದು ಗೊತ್ತಾದದ್ದು ಅಂದೇ. ಮಾರ್ಗದರ್ಶಕರ ಪ್ರಶ್ನೆಯ ಅರ್ಧಕ್ಕೆ ಅಲ್ಲಿ ಉತ್ತರ ಸಿಕ್ಕಿತು.

ಇನ್ನರ್ಧ ಸಿಕ್ಕಿದ್ದು ಮರುದಿನ, ಅಟ್ಟದ ಮೇಲಿನ ಒಂದು ಮರದ ಪೆಟ್ಟಿಗೆಯಲ್ಲಿ. ನಮ್ಮ ಅಜ್ಜ ತುಂಗಭದ್ರಾ ಕಾಲುವೆಯ ಸರ್ವೆ ನಡೆದಾಗ ಸರಪಳಿ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದರು. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು, ನದಿಯ ಒಂದು ದಂಡೆ ಮದ್ರಾಸ್ ಪ್ರಾಂತಕ್ಕೂ ಇನ್ನೊಂದು ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ. 1953ರ ಹೊತ್ತಿಗೆ ನೀರು ನಿಂತಿತು. ಎಷ್ಟೋ ವರ್ಷಗಳ ಮೇಲೆ ಹಳೆಯ ಉಪಕರಣಗಳ ಹರಾಜಿನಲ್ಲಿ ಅಜ್ಜ ಒಂದು ಹಿತ್ತಾಳೆಯ ಲೆವೆಲ್ ಮೆಷಿನ್ ಕೊಂಡು ತಂದಿದ್ದರು. ಡಂಪಿ ಲೆವೆಲ್ ಎಂದು ಅದರ ಹೆಸರು. 1832ರಲ್ಲಿ ವಿಲಿಯಂ ಗ್ರಾವಟ್ ಎಂಬ ಇಂಗ್ಲಿಷ್ ಇಂಜಿನಿಯರ್ ರೂಪಿಸಿದ ಮಾದರಿ. ಮೂರು ಕಾಲಿನ ಮೇಲೆ ನಿಲ್ಲುವ ಒಂದು ಕುಳ್ಳ ದುರ್ಬೀನು, ಅಷ್ಟೆ.

ಅದನ್ನು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಕುರುಗೋಡಿಗೆ ಹೋದೆವು. ಕುರುಗೋಡೆಂದರೆ ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಊರು, ದೊಡ್ಡ ಬಸವಣ್ಣನ ಊರು. ಬೆನ್ನಿಗೆ ಕೋಟೆಯ ಕುರುಹುಗಳಿರುವ ಕಲ್ಲುಗುಡ್ಡ. ಗುಡ್ಡದ ಮಗ್ಗುಲಲ್ಲಿ ಸ್ವಲ್ಪ ಹತ್ತಿ ಮೆಷಿನ್ ನಿಲ್ಲಿಸಿದರೆ ಕೆಳಗೆ ಗದ್ದೆಯ ಹಸಿರು, ಅದರಾಚೆ ನೀರು ಹತ್ತದ ಎರೆಯ ಕಪ್ಪು ಕಾಣುತ್ತದೆ. ಕಣ್ಣಿಟ್ಟೆ. ಎಲ್ಲ ತಲೆಕೆಳಗು! ಹಳೆಯ ಲೆವೆಲ್‌ಗಳಲ್ಲಿ ಬಿಂಬ ಹಾಗೆಯೇ ಬೀಳುತ್ತದೆ. ಅದನ್ನು ನೆಟ್ಟಗೆ ಮಾಡಲು ಇನ್ನಷ್ಟು ಗಾಜು ಬೇಕು, ಒಂದೊಂದು ಗಾಜೂ ಬೆಳಕನ್ನು ಸ್ವಲ್ಪ ತಿನ್ನುತ್ತದೆ. ತಲೆಕೆಳಗಾದ ಗದ್ದೆಯ ನಡುವೆ ಕೂದಲಿನಷ್ಟು ತೆಳುವಾದ ಗೆರೆಗಳಿದ್ದವು. ಉದ್ದ ಒಂದು, ಅಡ್ಡ ಒಂದು, ಅಡ್ಡಗೆರೆಯ ಮೇಲೆ ಕೆಳಗೆ ಎರಡು ಚಿಕ್ಕ ಗೆರೆ.

ಈ ಗೆರೆಗಳಿಗೆ ನಾಲ್ಕು ಶತಮಾನದ ಚರಿತ್ರೆಯಿದೆ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೋಯಿನ್ ಎಂಬ ತರುಣ ಖಗೋಳಾಸಕ್ತನ ದುರ್ಬೀನಿನೊಳಗೆ ಜೇಡ ಒಂದು ಎಳೆ ನೇಯ್ದಿತ್ತಂತೆ. ಆ ಎಳೆಯೂ ದೂರದ ವಸ್ತುವೂ ಒಟ್ಟಿಗೇ ಸ್ಪಷ್ಟವಾಗಿ ಕಂಡವು. ಬಿಂಬ ಬೀಳುವ ಜಾಗದಲ್ಲಿ ಎಳೆ ಇಟ್ಟರೆ ದುರ್ಬೀನು ನೋಡುವುದಷ್ಟೇ ಅಲ್ಲ, ಅಳೆಯಲೂ ಬಲ್ಲದು ಎಂದು ಅವನಿಗೆ ಹೊಳೆಯಿತು. 1644ರಲ್ಲಿ ಮಾರ್ಸ್‌ಟನ್ ಮೂರ್ ಕದನದಲ್ಲಿ ಆತ ಸತ್ತ. ಎಳೆ ಉಳಿಯಿತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲ ಅಳೆದು ಪ್ರಯೋಗ ಆರಂಭಿಸಿದ. ಆಮೇಲೆ ಅವನು ಹೊತ್ತು ತಿರುಗಿದ ಅರ್ಧ ಟನ್ ತೂಕದ ಥಿಯೋಡಲೈಟ್ ಕೂಡ ಇದೇ ತತ್ತ್ವದ್ದು. 1811ರಲ್ಲಿ ಆತ ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಗುತ್ತಿಯ ಬಳಿ ಮತ್ತೊಂದು ಆಧಾರರೇಖೆ ಅಳೆದ. ಅವನಿಗೂ ಗುಡ್ಡಗಳೇ ಬೇಕಾಗಿದ್ದವು. ಒಂದರ ತುದಿಯಿಂದ ಇನ್ನೊಂದರ ತುದಿ ಕಾಣಬೇಕಿತ್ತು. ಹೈದರಾಲಿಯ ಇಂಜಿನಿಯರ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಲ್ಯಾಂಬ್ಟನ್ ಪ್ರತಿ ಗುಡ್ಡದ ಮೇಲೂ ಕೇಳಿದ.

ಬಂದೂಕಿಗೆ ಈ ಗಾಜು ಏರಿದ್ದು ತಡವಾಗಿ. ಹೈದರಾಲಿಯ ಕಾಲದ ಮಸ್ಕೆಟ್ಟು ನೂರು ಗಜದಾಚೆ ನಂಬಿಕೆಗೆ ಅರ್ಹವಾಗಿರಲಿಲ್ಲ. ಅಂಥದ್ದಕ್ಕೆ ದುರ್ಬೀನು ಕಟ್ಟಿ ಏನು ಮಾಡುವುದು? ನಳಿಗೆಯೊಳಗೆ ಸುರುಳಿ ಗೀರು ಕೊರೆದ 1853ರ ಎನ್‌ಫೀಲ್ಡ್ ರೈಫಲ್ಲು ಬಂದಮೇಲೆ ಗುರಿಪಟ್ಟಿಯಲ್ಲಿ 900 ಗಜದವರೆಗೂ ಗುರುತು ಮೂಡಿತು. ಆಗ ಕಣ್ಣು ಬಂದೂಕಿಗಿಂತ ಹಿಂದೆ ಬಿತ್ತು. ಬಾಂಬೆ ಸೇನೆಯಲ್ಲಿದ್ದ ಡೇವಿಡ್ ಡೇವಿಡ್‌ಸನ್ ಎಂಬ ಅಧಿಕಾರಿ ರೂಪಿಸಿದ ದುರ್ಬೀನನ್ನು 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರು ವಿಟ್‌ವರ್ತ್ ರೈಫಲ್ಲಿಗೆ ಕಟ್ಟಿಕೊಂಡಿದ್ದರು. ನಮ್ಮ ಕಡೆ ಇದೇ ಹೊತ್ತಿನಲ್ಲಿ ಆದದ್ದು ತಿರುಗಾಮುರುಗಾ. 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ಹಲಗಲಿಯ ಬೇಡರು ಎದುರು ನಿಂತು ಜೀವ ತೆತ್ತರು. 1858ರಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದ. 1878ರ ಶಸ್ತ್ರಾಸ್ತ್ರ ಕಾಯಿದೆ ಬಂದೂಕನ್ನು ಪರವಾನಗಿಯ ವಸ್ತುವಾಗಿಸಿತು. ಬಂದೂಕಿಗೆ ದೂರ ಕಾಣತೊಡಗಿದ ಕಾಲದಲ್ಲೇ ಇಲ್ಲಿಯ ಜನರ ಕೈಯಿಂದ ಬಂದೂಕು ಹೋಯಿತು.

ಕುರುಗೋಡಿನ ಗುಡ್ಡದ ಮಗ್ಗುಲಲ್ಲಿ ಅಣ್ಣ ನನಗೆ ಆ ಎರಡು ಚಿಕ್ಕ ಗೆರೆಗಳ ಉಪಯೋಗ ತೋರಿಸಿದ. ದೂರದಲ್ಲಿ ಅಡಿಗಳ ಗುರುತಿರುವ ಪಟ್ಟಿಯನ್ನು ಒಬ್ಬ ನೆಟ್ಟಗೆ ಹಿಡಿದು ನಿಲ್ಲಬೇಕು. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಪಟ್ಟಿಯ ಎಷ್ಟು ಅಡಿ ಕಾಣುತ್ತದೋ ಅದನ್ನು ನೂರರಿಂದ ಗುಣಿಸಿದರೆ ದೂರ ಸಿಗುತ್ತದೆ. ನಾಲ್ಕು ಅಡಿ ಕಂಡರೆ ನಾನೂರು ಅಡಿ ದೂರ. ಅಜ್ಜ ಹಿಡಿದು ನಿಲ್ಲುತ್ತಿದ್ದದ್ದು ಆ ಪಟ್ಟಿಯನ್ನೂ ಹೌದು.

ಇಂದಿನ ಸ್ಕೋಪಿನೊಳಗಿನ ಮಿಲ್ ಗುರುತುಗಳು ಇದರ ಮೊಮ್ಮಕ್ಕಳು. ಒಂದು ಮಿಲ್ ಎಂದರೆ ಸಾವಿರದಲ್ಲಿ ಒಂದು ಪಾಲು. ನೂರು ಮೀಟರಿನಲ್ಲಿ 10 ಸೆಂಟಿಮೀಟರ್, ಸಾವಿರ ಮೀಟರಿನಲ್ಲಿ 1 ಮೀಟರ್. ಗುರಿಯ ಎತ್ತರ ಗೊತ್ತಿದ್ದರೆ, ಅದು ಎಷ್ಟು ಮಿಲ್ ತುಂಬುತ್ತದೆಂದು ನೋಡಿ ದೂರ ಹೇಳಬಹುದು. ಇನ್ನು ಕೆಲವು ಸ್ಕೋಪುಗಳು ಮಿನಿಟ್ ಕೋನದ ಲೆಕ್ಕದವು. ಒಂದು ಮಿನಿಟ್ ನೂರು ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಯಾವ ಲೆಕ್ಕವಾದರೂ ಆದೀತು, ಆದರೆ ಒಳಗಿನ ಗೆರೆ ಮತ್ತು ಹೊರಗಿನ ತಿರುಪು ಎರಡೂ ಒಂದೇ ಲೆಕ್ಕದಲ್ಲಿರಬೇಕು ಎಂಬುದು ಅಣ್ಣನ ಮೊದಲ ನಿಯಮ. ಗೆರೆ ಮಿಲ್ಲಿನದು, ತಿರುಪು ಮಿನಿಟಿನದು ಆದರೆ ಅವಸರದಲ್ಲಿ ಹುಡುಗರು ಲೆಕ್ಕ ತಪ್ಪುತ್ತಾರೆ.

ಎರಡನೆಯದು ಬೆಳಕು. ಮುಂದಿನ ಗಾಜಿನ ಅಗಲವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ನಾನು ಬೆರಳಿಟ್ಟಿದ್ದು 56 ಮಿಲಿಮೀಟರ್ ಗಾಜು, 25 ಪಟ್ಟು. ಬಿಲ್ಲೆ 2.2 ಮಿಲಿಮೀಟರ್ ಆಯಿತು. ನಡುಹಗಲಲ್ಲಿ ಪರವಾಗಿಲ್ಲ. ಮುಸ್ಸಂಜೆಯಲ್ಲಿ ಹರೆಯದವರ ಕಣ್ಣುಪಾಪೆ 7 ಮಿಲಿಮೀಟರಿನವರೆಗೂ ಅರಳುತ್ತದೆ, ಆಗ ಆ ಗಾಜಿನಲ್ಲಿ ಕತ್ತಲೆಯೇ ಹೆಚ್ಚು. ಅದೇ 40 ಮಿಲಿಮೀಟರಿನ 10 ಪಟ್ಟಿನ ಸ್ಕೋಪು 4 ಮಿಲಿಮೀಟರ್ ಬಿಲ್ಲೆ ಕೊಡುತ್ತದೆ. ಗಾಜಿಗೆ ಲೇಪನ ಚೆನ್ನಾಗಿರಬೇಕು. ಪ್ರತಿಫಲನ ತಗ್ಗಿಸುವ ಈ ಲೇಪನವನ್ನು 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ ಕಂಡುಹಿಡಿದ.

ಮೂರನೆಯದು ಗಾಳಿ. ಹಗಲು ಹನ್ನೊಂದರ ಹೊತ್ತಿಗೆ ಎರೆಯ ನೆಲ ಕಾಯ್ದಿತ್ತು. ಲೆವೆಲ್ಲಿನಲ್ಲಿ ನೋಡಿದರೆ ದೂರದ ಜಾಲಿಮರದ ಬುಡ ನೀರಿನಲ್ಲಿ ಅದ್ದಿದಂತೆ ನಡುಗುತ್ತಿತ್ತು. ಬಿಸಿಲುಗುದುರೆ! ಬಳ್ಳಾರಿ ಸೀಮೆಯಲ್ಲಿ ಗಾಜಿನ ಬೆಲೆ ಎಷ್ಟಾದರೂ ಇರಲಿ, ಈ ಕುದುರೆಯನ್ನು ಅದು ನಿಲ್ಲಿಸಲಾರದು. ಪಟ್ಟು ಹೆಚ್ಚಿಸಿದಷ್ಟೂ ಗುರಿಯ ಜೊತೆಗೆ ನಡುಕವೂ ಹಿಗ್ಗುತ್ತದೆ. ತಿಳಿದವರು ಅದನ್ನೇ ಓದಿ ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಅಂದಾಜು ಮಾಡುತ್ತಾರೆ. ಅದಕ್ಕೆ ಸಾಧಾರಣ ಪಟ್ಟೇ ಒಳ್ಳೆಯದು, ಸುತ್ತಲಿನ ನೆಲ ಕಾಣಬೇಕು.

ನಾಲ್ಕನೆಯದು ನಂಬಿಕೆ. ತಿರುಪನ್ನು ಹತ್ತು ಟಿಕ್ ಮೇಲೆ, ಹತ್ತು ಬಲಕ್ಕೆ, ಹತ್ತು ಕೆಳಗೆ, ಹತ್ತು ಎಡಕ್ಕೆ ತಿರುಗಿಸಿ ಒಂದೊಂದು ಮೂಲೆಯಲ್ಲೂ ಹೊಡೆದರೆ ಕಾಗದದ ಮೇಲೆ ಚೌಕ ಮೂಡಿ, ಕೊನೆಯ ಗುಂಡು ಮೊದಲ ತೂತಿನ ಬಳಿಗೇ ಬರಬೇಕು. ಬರದಿದ್ದರೆ ಆ ಗಾಜು ಎಷ್ಟು ಚೆನ್ನಾಗಿ ತೋರಿಸಿದರೂ ಸುಳ್ಳು ಹೇಳುತ್ತದೆ. “ಹೋದ ದಾರಿಗೇ ವಾಪಸ್ ಬರಬೇಕು. ಅಷ್ಟ ನೋಡು ನಾನು ನೋಡೋದು” ಅಂದ. ನನಗೆ ನನ್ನ ಅಡಿಟಿಪ್ಪಣಿಗಳು ನೆನಪಾದವು.

ಮಧ್ಯಾಹ್ನ ಮೆಷಿನ್ ಬಿಚ್ಚಿ ಪೆಟ್ಟಿಗೆಗೆ ತುಂಬುವಾಗ, ಸೈನ್ಯದಲ್ಲಿ ನಿನಗೆ ಯಾವ ಸ್ಕೋಪ್ ಇತ್ತು ಎಂದು ಕೇಳಿದೆ. ಡ್ರಾಗುನೋವ್ ರೈಫಲ್ಲಿನ ಮೇಲಿನ ಪಿಎಸ್‌ಒ-1 ಅಂದ. ಸೋವಿಯತ್ ಮಾದರಿ. ಕೇವಲ 4 ಪಟ್ಟು, 24 ಮಿಲಿಮೀಟರ್ ಗಾಜು. ಅದರ ಒಳಗೆ ಎಡಗಡೆ ಕೆಳಗೆ ಒಂದು ಬಾಗಿದ ಗೆರೆಯಿದೆ. ಅದರ ಉದ್ದಕ್ಕೂ 2ರಿಂದ 10ರವರೆಗೆ ಅಂಕಿಗಳು, ಅಂದರೆ 200ರಿಂದ 1,000 ಮೀಟರ್. ಮನುಷ್ಯನ ಪಾದವನ್ನು ಕೆಳಗೆರೆಯ ಮೇಲೆ ನಿಲ್ಲಿಸಿ, ತಲೆ ಬಾಗಿದ ಗೆರೆಯನ್ನು ಎಲ್ಲಿ ಮುಟ್ಟುತ್ತದೆಂದು ನೋಡಿದರೆ ದೂರ ಗೊತ್ತಾಗುತ್ತದೆ. ಗೆರೆಯನ್ನು ಎಳೆದದ್ದು 1.7 ಮೀಟರ್ ಎತ್ತರಕ್ಕೆ.

“ಯಾರ ಎತ್ತರ?” ಅಂದೆ.

“ಮನಿಷಾಂದು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜನ ಮಷೀನಿನಾಗೂ ಗೆರಿ ಐತಿ. ಅದಕ್ಕ ಪಟ್ಟಿ ಹಿಡಿಯೋನು ಬೇಕು. ಇದಕ್ಕ ನಿಂತಿರೋ ಮನಿಷಾನ ಪಟ್ಟಿ” ಅಂದ.

ಆಮೇಲೆ ಅವನು ಆ ಮಾತು ಮುಂದುವರಿಸಲಿಲ್ಲ, ನಾನೂ ಕೇಳಲಿಲ್ಲ. ಹದಿನೇಳು ವರ್ಷದಲ್ಲಿ ಆ ಗೆರೆಯ ಮೇಲೆ ಎಷ್ಟು ಜನ ನಿಂತಿದ್ದರೆಂಬುದು ನಾನು ಕೇಳಬಾರದ ಲೆಕ್ಕ. ಆದರೆ ಒಂದು ಮಾತು ಅಂದಿನಿಂದ ತಲೆಯಲ್ಲಿ ಉಳಿದಿದೆ. ಯಾವ ಗಾಜೂ ತಾನಾಗಿ ದೂರವನ್ನು ಹೇಳುವುದಿಲ್ಲ. ನೋಡುವುದರ ಎತ್ತರ ಇಷ್ಟೆಂದು ಮೊದಲೇ ನಂಬಿಕೊಂಡು ಅದು ಅಳೆಯುತ್ತದೆ. 2 ಮಿಲ್ ತುಂಬಿದ ಮನುಷ್ಯ 1.7 ಮೀಟರ್ ಎತ್ತರವಿದ್ದರೆ 850 ಮೀಟರ್ ದೂರದಲ್ಲಿದ್ದಾನೆ, 1.6 ಮೀಟರ್ ಇದ್ದರೆ 800. ಆ ದೂರದಲ್ಲಿ 50 ಮೀಟರ್ ತಪ್ಪಿದರೆ ಗುಂಡು ಗುರಿಯನ್ನೇ ತಪ್ಪಲು ಸಾಕು. ಬೋಯರರನ್ನು ‘ಅಚ್ಚರಿಯ ಗುರಿಕಾರರು’ ಎಂದು ಮೊದಲೇ ನಂಬಿಕೊಂಡು ದಾಖಲೆ ಓದಿದ ನಾನು ತಪ್ಪಿದ್ದೂ ಹೀಗೆಯೇ.

ಸಿರುಗುಪ್ಪದ ಎರೆಬಯಲಿನಲ್ಲಿ 1 ಮೀಟರ್ ಎತ್ತರದ ಇನ್ನೊಂದು ಗುರಿಯಿತ್ತು. ಎರೆಭೂತ. ಎರ್ಲಡ್ಡು ಎಂದೂ ಕರೆಯುತ್ತಾರೆ. ಗಂಡು ಹಕ್ಕಿ 15 ಕಿಲೋದವರೆಗೂ ತೂಗುತ್ತದೆ. ಮರವಿಲ್ಲದ ಬಯಲಲ್ಲಿ ಮೇಯುವ ಅದರ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸುತ್ತಲೂ ಕಾಣುತ್ತದೆ. ಕಾಲ್ನಡಿಗೆಯಲ್ಲಿ ಹತ್ತಿರ ಹೋಗುವುದು ಆಗದ ಮಾತು. ಆದ್ದರಿಂದಲೇ ದೂರದ ಗುರಿಯ ಬೇಟೆಗಾರರಿಗೆ ಅದು ಪಂಥದ ಹಕ್ಕಿಯಾಯಿತು. 1809ರಿಂದ 1829ರ ನಡುವೆ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಅಹಮದ್‌ನಗರ ಜಿಲ್ಲೆಯಲ್ಲಿ 961 ಎರೆಭೂತಗಳನ್ನು ಹೊಡೆದ ಲೆಕ್ಕವಿದೆ. ಬೇಟೆಯ ಹಿಂದೆಯೇ ಅಜ್ಜ ಪಟ್ಟಿ ಹಿಡಿದು ಅಳೆದುಕೊಟ್ಟ ನೀರೂ ಬಂತು. ನಮ್ಮ ಮನೆಯ ಅನ್ನ ಆ ನೀರಿನದು, ಅದನ್ನು ನಾನು ಹಳಿಯಲಾರೆ. ಆದರೆ ಜೋಳ, ಕಡಲೆ, ಹುಲ್ಲಿನ ಎರೆ ಭತ್ತದ ಗದ್ದೆಯಾದಾಗ ಹಕ್ಕಿಯ ಬಯಲು ಕಿರಿದಾಯಿತು. 1972ರ ವನ್ಯಜೀವಿ ಕಾಯಿದೆಯಲ್ಲಿ ಅದು ಮೊದಲ ಪಟ್ಟಿಗೆ ಸೇರಿತು, 2011ರಲ್ಲಿ ಅಳಿವಿನ ಅಂಚಿನದೆಂದು ಘೋಷಣೆಯಾಯಿತು. ಒಮ್ಮೆ ಇದೇ ಹಕ್ಕಿಗೆ ಹೆಸರಾಗಿದ್ದ ರಾಣೆಬೆನ್ನೂರಿನಿಂದ ಅದು ಮರೆಯಾಗಿದೆ. ಕರ್ನಾಟಕದಲ್ಲಿ ಉಳಿದಿರುವ ಬೆರಳೆಣಿಕೆಯ ಹಕ್ಕಿಗಳಿಗೆ ಸಿರುಗುಪ್ಪದ ಬಯಲೇ ಆಸರೆ. ಸುತ್ತಲೂ ಕಾಣುವ ಅದರ ಕಣ್ಣಿಗೆ ನೇರ ಮುಂದಿನದು ಸರಿಯಾಗಿ ಕಾಣದು. ಬೇಟೆಗಾರನನ್ನು ಅಷ್ಟು ದೂರದಿಂದ ಗುರುತಿಸುತ್ತಿದ್ದ ಹಕ್ಕಿ ಈಗ ಹಾರುವ ದಾರಿಗೆ ಅಡ್ಡ ಬಂದ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದೆ.

ಸಂಜೆ ಮನೆಗೆ ಬಂದು ಅಣ್ಣ ಕ್ಲಬ್ಬಿನವರಿಗೆ ಚೀಟಿ ಬರೆದ. ಪಟ್ಟು ಬದಲಾಗದ 10 ಪಟ್ಟಿನ ಸ್ಕೋಪ್ ಒಂದು. ಗೆರೆಯೂ ತಿರುಪೂ ಮಿಲ್ಲಿನಲ್ಲಿ. ಪಟ್ಟು ಬದಲಾಗುವ ಕೆಲವು ಸ್ಕೋಪುಗಳಲ್ಲಿ ಗೆರೆಯ ಅಳತೆ ಒಂದೇ ಒಂದು ಪಟ್ಟಿಗೆ ಮಾತ್ರ ನಿಜ. ಕಲಿಯುವ ಹುಡುಗರಿಗೆ ಆ ಗೊಂದಲ ಬೇಡವೆಂದ. ರೈಫಲ್ ಒದೆಯುವಾಗ ಹುಬ್ಬಿಗೆ ತಾಗದಂತೆ ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಾದರೂ ಅಂತರ ಇರಬೇಕು. ಉಳಿದ ದುಡ್ಡಿನಲ್ಲಿ ಗಟ್ಟಿಯಾದ ಹಿಡಿಕೆ. ಇನ್ನೂ ಉಳಿದರೆ ಮೂರು ಕಾಲಿನ ಮೇಲೆ ನಿಲ್ಲುವ, ಬಂದೂಕಿಗೆ ಸಂಬಂಧವಿಲ್ಲದ ಒಂದು ದುರ್ಬೀನು. ಹೊಡೆಯುವವನ ಪಕ್ಕದಲ್ಲಿ ನೋಡುವವನೊಬ್ಬ ಕೂರಬೇಕು, ಮೊದಲು ಹುಡುಗರು ಅಲ್ಲಿ ಕೂತು ಕಲಿಯಲಿ ಎಂದು ಚೀಟಿಯ ಕೊನೆಗೆ ಬರೆದ.

“ಆ ದುರ್ಬೀನು ಎರ್ಲಡ್ಡು ನೋಡಾಕೂ ಆಗ್ತದೇನು?” ಅಂದೆ.

“ಅದಕ್ಕ ಬರ್ದೀನಿ” ಅಂದ.

ಮರುದಿನ ಬೆಳಗಿನ ಜಾವ ಬಯಲಿಗೆ ಹೋಗಿ ಎರಡು ತಾಸು ಕೂತೆವು. ಹಕ್ಕಿ ಕಾಣಲಿಲ್ಲ. ಬಿಸಿಲೇರಿ ನೆಲ ನಡುಗತೊಡಗಿದಮೇಲೆ ಎದ್ದು ಬಂದೆವು.

ಬಳ್ಳಾರಿಗೆ ವಾಪಸಾಗಿ ಆ ವಾಕ್ಯ ಹೊಡೆದುಹಾಕಿದೆ. ಈಗ ಅಧ್ಯಾಯ ಕುಂಬಾರ ಗುಡ್ಡದಿಂದ ಶುರುವಾಗುತ್ತದೆ. ಎಲ್ಲಿ ನಿಂತರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಮೊದಲು ಬರೆದು, ಆಮೇಲೆ ಬೋಯರರನ್ನು ಕರೆತರುತ್ತೇನೆ.